ಮನೇಲಿ ‘ಡೌಟಿಂಗ್ ಥಾಮಸ್’ ಅನ್ನಿಸ್ಕೊಂಡೋರಿಗೆ: ದೇವರ ವಿಷ್ಯದಲ್ಲಿ ಡೌಟ್ ಪಡೋದು ಹೇಗೆ

ಮೊದ್ಲೇ ಹೇಳ್ಬಿಡ್ತೀನಿ, ದೇವ್ರು ಇದಾನೋ ಇಲ್ವೋ ಅನ್ನೋದು ಇಲ್ಲಿ ತೀರ್ಮಾನ ಆಗಲ್ಲ, ಆ ಆಸೆ ಇಟ್ಕೊಂಡು ಓದ್ಬೇಡಿ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆ ಮನೇಲಿ ಹುಟ್ಟಿ, ಮನೆದೇವ್ರು, ಹರಕೆ, ಮುಡಿ, ಶ್ರಾವಣ ಶನಿವಾರ ಎಲ್ಲಾ ಮಾಡ್ಕೊಂಡೇ ಬೆಳ್ದು, ಪಿಯುಸಿನೋ ಡಿಗ್ರಿನೋ ಮುಗಿಯೋ ಹೊತ್ತಿಗೆ ತಲೇಲಿ “ಇದೆಲ್ಲಾ ನಿಜಾನಾ” ಅಂತ ಹುಳ ಬಿಟ್ಕೊಂಡು, ಅದನ್ನ ಊಟಕ್ಕೆ ಕೂತಾಗ ಬಾಯ್ಬಿಟ್ಟು, ಈಗ ಮನೇಲಿ ದೊಡ್ಡ ರಾಮಾಯಣ ಆಗಿದ್ಯಲ್ಲ, ಅಂಥೋರಿಗೆ ಇದು. ಡೌಟ್ ಬರೋದು ಹೇಗೆ ನಿಲ್ಸೋದು ಅಂತ ನಾನ್ ಹೇಳಲ್ಲ, ಅದು ನಿಲ್ಲಲ್ಲ. ಬಂದಿರೋ ಡೌಟನ್ನ ಯಾರ್ ಮನಸ್ಸೂ ಮುರೀದೆ, ನಮ್ ತಲೆನೂ ಕೆಡಿಸ್ಕೊಳ್ದೆ, ಒಂದು ದಾರಿಗೆ ಹೇಗೆ ತರೋದು ಅಂತ ಅಷ್ಟೇ.

ಬೈಗುಳದ ಹಿಂದಿನ ಕಥೆ ಮೊದ್ಲು ತಿಳ್ಕೊಳಿ

ನಮ್ ಕಡೆ ಇಂಥೋರಿಗೆ ಎರಡು ಹೆಸ್ರು. ಮನೆ ಹಿರಿಯರ ಬಾಯಲ್ಲಾದ್ರೆ “ನಾಸ್ತಿಕ ಆಗ್ಬಿಟ್ಟವ್ನೆ”. ಕಾನ್ವೆಂಟಲ್ಲಿ ಓದಿರೋ ಚಿಕ್ಕಪ್ಪನೋ ಆಫೀಸಲ್ಲಿರೋ ಸೀನಿಯರ್ರೋ ಆದ್ರೆ “ಬಂದ ನೋಡಪ್ಪಾ ಡೌಟಿಂಗ್ ಥಾಮಸ್ಸು”. ಎರಡೂ ಬೈಗುಳದ ಥರಾನೇ ಬಳಸ್ತಾರೆ, ಆದ್ರೆ ಬಳಸೋರಲ್ಲಿ ಆ ಕಥೆ ಪೂರ್ತಿ ಓದಿರೋರು ಕಮ್ಮಿ. ನೀವ್ ಓದ್ಕೊಂಡಿರಿ, ಯಾಕಂದ್ರೆ ಡೌಟ್ ಹೇಗ್ ಪಡ್ಬೇಕು ಅನ್ನೋದು ಆ ಕಥೇಲೇ ಇದೆ.

ಥಾಮಸ್ ಅಂದ್ರೆ ಯೇಸುವಿನ ಹನ್ನೆರಡು ಶಿಷ್ಯರಲ್ಲಿ ಒಬ್ಬ, ಕನ್ನಡ ಬೈಬಲಲ್ಲಿ ತೋಮ ಅಂತ ಇರುತ್ತೆ, ದಿದುಮನೆಂಬ ತೋಮ ಅಂತ. ತೋಮ ಅಂದ್ರೆ ಅರಾಮಿಕ್ ಭಾಷೇಲಿ ಅವಳಿ, ದಿದುಮ ಅಂದ್ರೆ ಗ್ರೀಕಲ್ಲಿ ಅವಳಿ, ಅಂದ್ರೆ ಪಾಪ ಅವನಿಗೆ ಎರಡು ಭಾಷೇಲೂ ಕರೆಯೋ ಹೆಸ್ರು ಅವಳಿ ಅಂತಾನೇ. ಯೋಹಾನನ ಸುವಾರ್ತೆ 20ನೇ ಅಧ್ಯಾಯ, 24ರಿಂದ 29, ಬರೀ ಆರು ವಚನದ ಕಥೆ. ಶಿಲುಬೆಗೆ ಏರಿಸಿ, ಸತ್ತು, ಸಮಾಧಿ ಆಗಿದ್ದ ಯೇಸು ಎದ್ದು ಬಂದು ಶಿಷ್ಯರಿಗೆ ಕಾಣಿಸ್ಕೊಂಡಾಗ ತೋಮ ಅಲ್ಲಿರ್ಲಿಲ್ಲ. ವಾಪಸ್ ಬಂದಾಗ ಮಿಕ್ಕೋರೆಲ್ಲಾ ನಾವ್ ನೋಡಿದ್ವಿ ನಾವ್ ನೋಡಿದ್ವಿ ಅಂತಾರೆ. ತೋಮ ಹೇಳೋದು, ಅವರ ಕೈಯಲ್ಲಿ ಮೊಳೆ ಹೊಡೆದಿರೋ ಗಾಯ ನಾನ್ ನೋಡ್ಬೇಕು, ಆ ಗಾಯದಲ್ಲಿ ಬೆರಳಿಡ್ಬೇಕು, ಪಕ್ಕೆಯಲ್ಲಿ ಕೈ ಹಾಕ್ಬೇಕು, ಇಲ್ಲಾಂದ್ರೆ ನಂಬಲ್ಲ. ಎಂಟು ದಿನ ಆದ್ಮೇಲೆ ಎಲ್ರೂ ಬಾಗಿಲು ಹಾಕ್ಕೊಂಡು ಒಳಗಿರುವಾಗ ಯೇಸು ಮತ್ತೆ ಬರ್ತಾರೆ, ಸೀದಾ ತೋಮನ ಹತ್ರ ಹೋಗಿ ಬಾ ಬೆರಳಿಟ್ಟು ನೋಡು ಅಂತಾರೆ. ತೋಮ “ನನ್ನ ಸ್ವಾಮಿ, ನನ್ನ ದೇವರೇ” ಅಂತಾನೆ. ಆಮೇಲೆ ಯೇಸು, ನೀನು ನೋಡಿ ನಂಬಿದೆ, ನೋಡದೆ ನಂಬಿದೋರು ಧನ್ಯರು ಅಂತಾರೆ. ಇಷ್ಟೇ. ಸಾಕ್ಷಿ ತೋರ್ಸಿ ಅನ್ನೋರಿಗೆಲ್ಲಾ ಅಂಟ್ಕೊಂಡಿರೋ ಆ ಹೆಸ್ರು ಹುಟ್ಟಿದ್ದು ಇಲ್ಲಿಂದ.

ಈಗ ಇದನ್ನ ಲಾಯರ್ ಥರ ಇನ್ನೊಂದ್ಸಲ ಓದಿ. ಮಿಕ್ಕ ಶಿಷ್ಯರು ನೋಡದೇ ನಂಬಿದ್ರಾ? ಇಲ್ಲ. ಅದೇ ಅಧ್ಯಾಯದ 20ನೇ ವಚನದಲ್ಲಿ ಯೇಸು ಅವ್ರಿಗೂ ಕೈ ಮತ್ತೆ ಪಕ್ಕೆ ತೋರ್ಸಿರ್ತಾರೆ. ಅದಕ್ಕೂ ಮುಂಚೆ ಸಮಾಧಿ ಖಾಲಿ ಇದೆ ಅಂತ ಹೆಂಗಸರು ಬಂದು ಹೇಳಿದ್ರೆ ಇವರೆಲ್ಲಾ ಅದನ್ನ ಹರಟೆ ಅಂದ್ಕೊಂಡ್ರು ಅಂತ ಲೂಕನ ಸುವಾರ್ತೆ 24ನೇ ಅಧ್ಯಾಯ ಹೇಳುತ್ತೆ. ಅಂದ್ರೆ ಡೌಟು ಎಲ್ರಿಗೂ ಇತ್ತು, ತೋಮ ಕೇಳಿದ್ದು ಬೇರೆಯವರಿಗೆ ಆಗ್ಲೇ ಸಿಕ್ಕಿದ್ದನ್ನ. ಹೆಸ್ರು ಕೆಟ್ಟಿದ್ದು ಮಾತ್ರ ಅವನೊಬ್ಬಂದೇ. ಇನ್ನೊಂದು, ಅವನು ನಿಜ್ವಾಗ್ಲೂ ಗಾಯದಲ್ಲಿ ಬೆರಳಿಟ್ಟ ಅಂತ ಆ ಆರು ವಚನದಲ್ಲಿ ಎಲ್ಲೂ ಬರ್ದಿಲ್ಲ. ಬಾ ನೋಡು ಅಂದಿದ್ದೇ ಸಾಕಾಯ್ತು ಅನ್ನೋ ಹಾಗಿದೆ. ಆದ್ರೂ ನಮ್ ಕಣ್ಮುಂದೆ ಬರೋ ಚಿತ್ರ ಬೆರಳಿಟ್ಟಿರೋದೇ, ಅದಕ್ಕೆ ಚಿತ್ರಕಾರರೂ ಕಾರಣ, ಇಟಲಿಯ ಕಾರವಾಜಿಯೊ 1600ರ ಆಸುಪಾಸಲ್ಲಿ ಬರೆದ ಪೇಂಟಿಂಗಲ್ಲಿ ತೋಮನ ಬೆರಳು ಗಾಯದ ಒಳಗೇ ಹೋಗಿರುತ್ತೆ, ನೋಡಿದ್ರೆ ಮೈ ಜುಂ ಅನ್ನುತ್ತೆ.

ನಂಗೆ ಈ ಕಥೇಲಿ ತುಂಬಾ ಇಷ್ಟ ಆಗೋದು ಯಾರೂ ಮಾತಾಡದೇ ಇರೋ ಭಾಗ, ಆ ಎಂಟು ದಿನ. ಒಬ್ಬ ಕಡ್ಡಿ ತುಂಡು ಮಾಡಿದ ಹಾಗೆ ನಂಬಲ್ಲ ಅಂದಿದಾನೆ, ಮಿಕ್ಕೋರೆಲ್ಲಾ ನಂಬಿದಾರೆ, ಆದ್ರೂ ಎಂಟು ದಿನ ಆದ್ಮೇಲೆ ಅವನು ಅದೇ ಮನೇಲಿ ಅವರ ಜೊತೇಲೇ ಇದಾನೆ. ಅವರು ಆಚೆ ಹಾಕ್ಲಿಲ್ಲ, ಇವನೂ ಎದ್ದು ಹೋಗ್ಲಿಲ್ಲ. ಹೋಗಿದ್ರೆ ಕಥೆ ಅಲ್ಲಿಗೇ ಮುಗೀತಿತ್ತು.

ಆಮೇಲೆ ಇದೇ ತೋಮ ಕ್ರಿಸ್ತಶಕ 52ರಲ್ಲಿ ಕೇರಳದ ಕೊಡುಂಗಲ್ಲೂರಿಗೆ ಬಂದ, 72ರಲ್ಲಿ ಈಗಿನ ಚೆನ್ನೈನ ಮೈಲಾಪುರದ ಹತ್ರ ಅವನನ್ನ ಕೊಂದ್ರು ಅಂತ ಕೇರಳದ ಸಿರಿಯನ್ ಕ್ರೈಸ್ತರ ನಂಬಿಕೆ. ಇದಕ್ಕೂ ಇತಿಹಾಸಕಾರರು ಡೌಟ್ ಪಡ್ತಾರೆ ಅನ್ನೋದು ಒಂಥರಾ ತಮಾಷೆ. ಕೆಜಿಎಫ್ ಕಡೆಯೋರಿಗೆ ಇದೇನ್ ದೂರ ಅಲ್ಲ, ಬಂಗಾರಪೇಟೇಲಿ ಚೆನ್ನೈ ಟ್ರೈನ್ ಹತ್ತಿದ್ರೆ ಅಲ್ಲಿ ಸ್ಯಾಂತೋಮ್ ಚರ್ಚೂ ಇದೆ, ಸೇಂಟ್ ಥಾಮಸ್ ಮೌಂಟೂ ಇದೆ. ಡೌಟ್ ಪಟ್ಟೋನ ಹೆಸರಲ್ಲಿ ಒಂದು ಬೆಟ್ಟ!

ನಾಸ್ತಿಕ ಅನ್ನೋ ಮಾತಿಗೂ ಹಿಂಗೇ ಒಂದು ಹಿಂದಿನ ಕಥೆ ಇದೆ. ಪಾಣಿನಿ ಸೂತ್ರದ ಪ್ರಕಾರ ಅಸ್ತಿ ಅನ್ನೋ ಬುದ್ಧಿ ಇರೋನು ಆಸ್ತಿಕ, ನಾಸ್ತಿ ಅನ್ನೋ ಬುದ್ಧಿ ಇರೋನು ನಾಸ್ತಿಕ, ಅಷ್ಟೇ, ಏನು ಅಸ್ತಿ ಏನು ನಾಸ್ತಿ ಅಂತ ಸೂತ್ರದಲ್ಲಿಲ್ಲ. ಮನುಸ್ಮೃತಿ ಬಂದ್ಮೇಲೆ ವೇದನ ನಿಂದೆ ಮಾಡೋನು ನಾಸ್ತಿಕ ಅಂತ ಆಯ್ತು. ಆ ಲೆಕ್ಕದಲ್ಲಿ ಪ್ರಪಂಚ ಸೃಷ್ಟಿ ಮಾಡಿದ ಈಶ್ವರ ಬೇಕಾಗೇ ಇಲ್ಲ ಅನ್ನೋ ಸಾಂಖ್ಯರು, ಮೀಮಾಂಸಕರು ಆಸ್ತಿಕರ ಲಿಸ್ಟಲ್ಲಿ ಆರಾಮಾಗಿದ್ರು, ಯಾಕಂದ್ರೆ ವೇದ ಒಪ್ತಿದ್ರು. ಜೈನರು, ಬೌದ್ಧರು, ಚಾರ್ವಾಕರು ಆಚೆ. ಈಗ ನಿಮ್ಮ ದೊಡ್ಡಪ್ಪ ನಾಸ್ತಿಕ ಅಂದಾಗ ಅವ್ರು ಯಾವ ಅರ್ಥದಲ್ಲಿ ಅಂತಿದಾರೆ ಅಂತ ಕೇಳೋಕೆ ಹೋಗ್ಬೇಡಿ ಮತ್ತೆ, ತಟ್ಟೆ ಹಾರುತ್ತೆ. ನಿಮ್ಗೆ ಗೊತ್ತಿದ್ರೆ ಸಾಕು.

ಇನ್ನೊಂದು ಮಾತ್ರ ದೊಡ್ಡೋರ ಮುಂದೆ ಧೈರ್ಯವಾಗಿ ಹೇಳ್ಬೋದು. ಋಗ್ವೇದದ 8ನೇ ಮಂಡಲದ 100ನೇ ಸೂಕ್ತದಲ್ಲಿ “ನೇಂದ್ರೋ ಅಸ್ತಿ”, ಇಂದ್ರ ಇಲ್ಲ, ಯಾರ್ ನೋಡಿದಾರೆ ಅವನನ್ನ, ಯಾರನ್ನ ಸ್ತುತಿ ಮಾಡೋಣ ನಾವು, ಅಂತ ನೇಮ ಅನ್ನೋನು ಕೇಳ್ತಾನೆ. ಮುಂದಿನ ಮಂತ್ರದಲ್ಲೇ ಇಂದ್ರ ಬಂದು, ಇಗೋ ಇಲ್ಲಿದೀನಪ್ಪಾ, ನನ್ನನ್ನ ಇಲ್ಲೇ ನೋಡು ಅಂತಾನೆ. ತೋಮನ ಕಥೆಗಿಂತ ಎಷ್ಟೋ ನೂರು ವರ್ಷ ಹಳೇದು, ಹೆಚ್ಚುಕಮ್ಮಿ ಅದೇ ಕಥೆ. ಕಠೋಪನಿಷತ್ತಲ್ಲಿ ನಚಿಕೇತ ಯಮನ್ನ ಕೇಳೋ ಮೂರನೇ ವರ ಏನು, ಸತ್ತ ಮನುಷ್ಯ ಇರ್ತಾನೆ ಅಂತ ಕೆಲವ್ರು ಅಂತಾರೆ, ಇರಲ್ಲ ಅಂತ ಕೆಲವ್ರು ಅಂತಾರೆ, ನೀನ್ ಹೇಳು ಅಂತ. ಅದಕ್ಕೆ ಯಮ ಬೈಯಲ್ಲ, ಈ ವಿಷ್ಯದಲ್ಲಿ ಹಿಂದೆ ದೇವತೆಗಳಿಗೇ ಡೌಟಿತ್ತು ಕಣಪ್ಪಾ ಅಂತಾನೆ. ದೇವತೆಗಳಿಗೇ!

ಹೇಗ್ ಮಾಡ್ಬೇಕು ಅಂದ್ರೆ

ತೋಮ ಮಾಡಿದ್ದನ್ನೇ ಮಾಡಿ. ಏನು ನಂಬಲ್ಲ ಅಂತ ಸರಿಯಾಗಿ ಹೇಳ್ದ, ಏನ್ ತೋರ್ಸಿದ್ರೆ ನಂಬ್ತೀನಿ ಅಂತಾನೂ ಹೇಳ್ದ, ಮನೆ ಬಿಟ್ಟು ಹೋಗ್ಲಿಲ್ಲ, ಉತ್ರ ಸಿಕ್ಕಾಗ ಸುಮ್ನೆ ಒಪ್ಕೊಂಡ. ಒಂದೊಂದೂ ಕೇಳೋಕ್ ಸುಲಭ, ಮಾಡೋಕ್ ಕಷ್ಟ.

ಏನು ನಂಬಲ್ಲ ಅಂತ ಹೇಳೋದ್ರಲ್ಲೇ ಮುಕ್ಕಾಲು ಪಾಲು ಜನ ಎಡವೋದು. “ನಂಗೆ ದೇವ್ರಲ್ಲಿ ನಂಬಿಕೆ ಇಲ್ಲ” ಅಂದ್ಬಿಡ್ತಾರೆ, ಮನೇಲಿ ಬಾಂಬ್ ಬಿದ್ದ ಹಾಗಾಗುತ್ತೆ, ಆಮೇಲೆ ನೋಡಿದ್ರೆ ಅವರ ಡೌಟ್ ದೇವರ ಮೇಲೇ ಅಲ್ಲ, ಮನೆ ಕಟ್ಟೋಕೆ ವಾಸ್ತು ನೋಡೋನು ಕೇಳಿದ ದುಡ್ಡಿನ ಮೇಲೆ. ಒಂದು ಪೇಪರ್ ತಗೊಂಡು ಬರೀರಿ. ಪ್ರಪಂಚಕ್ಕೆ ಒಬ್ಬ ಕರ್ತೃ ಇದಾನಾ ಅನ್ನೋದು ಒಂದು ಪ್ರಶ್ನೆ. ಮಂಗಳವಾರ ಕಟಿಂಗ್ ಮಾಡ್ಸಿದ್ರೆ ಕೆಟ್ಟದಾಗುತ್ತಾ ಅನ್ನೋದು ಬೇರೆ ಪ್ರಶ್ನೆ. ಈ ಸ್ವಾಮೀಜಿ ಗಾಳೀಲಿ ವಿಭೂತಿ ತೆಗಿಯೋದು ನಿಜಾನಾ ಅನ್ನೋದು ಇನ್ನೊಂದು. ದೇವ್ರಿದ್ರೆ ನಮ್ಮಪ್ಪಂಗೆ ಯಾಕ್ ಹಿಂಗಾಯ್ತು ಅನ್ನೋದು ಪೂರ್ತಿ ಬೇರೆ. ಮೊದಲ್ನೇದಕ್ಕೆ ಸಾವಿರಾರು ವರ್ಷದಿಂದ ದೊಡ್ಡ ದೊಡ್ಡ ತಲೆಗಳು ಕೂತು ಜಗಳ ಆಡ್ತಾನೇ ಇದಾವೆ, ನಾಳೆ ಬೆಳಿಗ್ಗೆ ಒಳಗೆ ನೀವ್ ಬಗೆಹರಿಸ್ಬೇಕಾಗಿಲ್ಲ. ಎರಡ್ನೇದು ಮೂರ್ನೇದನ್ನ ಪರೀಕ್ಷೆ ಮಾಡ್ಬೋದು. ನಾಲ್ಕನೇದಕ್ಕೆ ಪರೀಕ್ಷೇನೂ ಇಲ್ಲ ವಾದಾನೂ ಇಲ್ಲ, ಅದಕ್ಕೆ ಕೆಳಗೆ ಬರ್ತೀನಿ.

ನಮ್ಮ ನ್ಯಾಯಶಾಸ್ತ್ರದವರು ತಿಳ್ಕೊಳ್ಬೇಕಾದ ಹದಿನಾರು ಪದಾರ್ಥಗಳ ಲಿಸ್ಟಲ್ಲಿ ಸಂಶಯನ ಮೂರನೇದಾಗಿ ಇಟ್ಟಿದಾರೆ, ಗೊತ್ತಾ. ಅವರ ಉದಾಹರಣೆ, ಕತ್ಲಲ್ಲಿ ದೂರದಲ್ಲಿ ಏನೋ ಎತ್ತರಕ್ಕೆ ನಿಂತಿದೆ, ಅದು ಮೋಟು ಮರಾನಾ ಮನುಷ್ಯಾನಾ? ಡೌಟ್ ಬಂದ್ರೆ ತಾನೇ ಹತ್ರ ಹೋಗಿ ನೋಡೋದು. ಡೌಟ್ ಬರ್ದೇ ಇರೋನು ಮೋಟು ಮರಕ್ಕೆ ನಮಸ್ಕಾರ ಹೊಡ್ಕೊಂಡು ಹೋಗ್ತಿರ್ತಾನೆ. ಹತ್ರ ಹೋಗದೇ ಅಲ್ಲೇ ನಿಂತ್ಕೊಂಡು ಡೌಟ್ ಡೌಟ್ ಅನ್ನೋನೂ ಅಷ್ಟೇ ದಡ್ಡ, ಫೇಸ್‌ಬುಕ್ಕಲ್ಲಿ ಅಂಥೋರೇ ಜಾಸ್ತಿ.

ಇನ್ನು ಏನ್ ತೋರ್ಸಿದ್ರೆ ನಂಬ್ತೀರಿ ಅಂತ ಮೊದ್ಲೇ ಹೇಳೋದು. ಇದು ಬಹಳ ಮುಖ್ಯ, ಮೊದ್ಲೇ. ಆದ್ಮೇಲೆ ಹೇಳಿದ್ರೆ ಅದು ಪರೀಕ್ಷೆ ಅಲ್ಲ, ಜಗಳ. ನಮ್ ಕಡೆ ಹೂಪ್ರಸಾದ ಕೇಳ್ತಾರಲ್ಲ, ಮದುವೆ ಮಾತುಕತೆಗೆ ಮುಂಚೆ, ಬೋರ್‌ವೆಲ್ ಹಾಕ್ಸೋಕೆ ಮುಂಚೆ, ದೇವರ ಮುಂದೆ ಕೂತು ಬಲಗಡೆ ಕೊಟ್ರೆ ಮುಂದುವರೀತೀವಿ ಎಡಗಡೆ ಕೊಟ್ರೆ ಬಿಡ್ತೀವಿ ಅಂತ. ಯೋಚ್ನೆ ಮಾಡಿ, ಅದು ಏನು? ಸಾಕ್ಷಿ ಕೇಳೋದೇ ತಾನೇ, ಅದೂ ಷರತ್ತು ಮೊದ್ಲೇ ಹೇಳಿ ಕೇಳೋದು. ನಿಮ್ಮಜ್ಜಿ ನಿಮ್ಗಿಂತ ದೊಡ್ಡ ಡೌಟಿಂಗ್ ಥಾಮಸ್ಸು. ದೇವರನ್ನ ಪರೀಕ್ಷೆ ಮಾಡ್ಬಾರ್ದು ಕಣೋ ಅಂತ ಅವ್ರು ಬೈದಾಗ ನಗ್‌ನಗ್ತಾ ಇದನ್ನ ನೆನಪಿಸಿ, ಮುಖ ಗಂಟಿಕ್ಕೊಂಡು ಹೇಳಿದ್ರೆ ಅದೇ ಮಾತು ಉದ್ಧಟತನ ಆಗುತ್ತೆ. ಆದ್ರೆ ಅಜ್ಜಿ ಮಾಡೋ ಪರೀಕ್ಷೇಲಿ ಒಂದು ತೂತಿದೆ, ಎಡಗಡೆ ಬಿದ್ರೆ ಇನ್ನೊಂದ್ಸಲ ಕೇಳೋಣ ಅಂತಾರೆ, ಬಲಗಡೆ ಬಿದ್ರೆ ಇನ್ನೊಂದ್ಸಲ ಕೇಳಲ್ಲ. ನೀವ್ ಪರೀಕ್ಷೆ ಮಾಡುವಾಗ ಆ ತೂತು ಮುಚ್ಚಿ.

ಜಾತಕ, ಭವಿಷ್ಯ ಇಂಥವಕ್ಕೆ ತುಂಬಾ ಸುಲಭದ ದಾರಿ ಇದೆ. ಜ್ಯೋತಿಷಿ ಹೇಳಿದ್ದನ್ನ ಹೇಳಿದ ದಿನಾನೇ ನೋಟ್‌ಬುಕ್ಕಲ್ಲಿ ತಾರೀಖು ಹಾಕಿ ಬರ್ದಿಡಿ, ಅವರ ಮಾತಲ್ಲೇ, ನೀವು ಅರ್ಥ ಮಾಡ್ಕೊಂಡಿದ್ದಲ್ಲ. “ಮುಂದೆ ಒಳ್ಳೇದಾಗುತ್ತೆ, ಸ್ವಲ್ಪ ಅಡೆತಡೆ ಇದೆ” ಅನ್ನೋದಾದ್ರೆ ಬರಿಯೋಕೆ ಹೋಗ್ಬೇಡಿ, ಅದು ತುಮಕೂರು ಬಸ್‌ಸ್ಟ್ಯಾಂಡಲ್ಲಿ ನಿಂತಿರೋ ಎಲ್ರಿಗೂ ನಿಜಾನೇ. ಇಂಥ ತಿಂಗಳೊಳಗೆ ಇಂಥ ಕೆಲ್ಸ ಸಿಗುತ್ತೆ ಅನ್ನೋ ಥರದ್ದು ಮಾತ್ರ ಬರೀರಿ. ವರ್ಷ ಆದ್ಮೇಲೆ ಮನೆಯೋರ ಜೊತೆ ಕೂತೇ ತೆಗ್ದು ನೋಡಿ. ಸರಿ ಬಂದಿದ್ರೆ ಸರಿ ಬಂದಿದೆ ಅಂತಾನೂ ಹೇಳಿ. ನೀವ್ ಒಬ್ರೇ ಗುಟ್ಟಾಗಿ ಬರ್ದು ಆಮೇಲೆ ಮುಖಕ್ಕೆ ಹಿಡಿಯೋಕೆ ಹೋದ್ರೆ, ಸೋತಿದ್ದು ಜ್ಯೋತಿಷಿ ಆದ್ರೂ ಅವಮಾನ ಆಗೋದು ಅಮ್ಮಂಗೆ.

1995ರ ಸೆಪ್ಟೆಂಬರ್ 21 ನೆನಪಿರೋರು ಇರ್ತೀರ, ದೇಶದ ತುಂಬಾ ಗಣೇಶ ಹಾಲು ಕುಡೀತಿದಾನೆ ಅಂತ ದೇವಸ್ಥಾನದ ಮುಂದೆ ಕ್ಯೂ. ಆಗ ವಿಜ್ಞಾನಿಗಳು ಏನ್ ಮಾಡಿದ್ರು ಅಂದ್ರೆ ಹಾಲಿಗೆ ಬಣ್ಣ ಹಾಕಿದ್ರು, ಅಷ್ಟೇ. ಸ್ಪೂನಲ್ಲಿದ್ದ ಹಾಲು ಮೇಲ್ಮೈ ಸೆಳೆತದಿಂದ ಮೂರ್ತಿಗೆ ಅಂಟ್ಕೊಂಡು ತೆಳ್ಳಗೆ ಕೆಳಗೆ ಇಳೀತಿರೋದು ಬಣ್ಣದಿಂದ ಕಾಣಿಸ್ತು. ಯಾರಿಗೂ ಬೈಲಿಲ್ಲ, ಯಾರ ಕೈಯಿಂದಾನೂ ಸ್ಪೂನ್ ಕಿತ್ಕೊಳ್ಳಿಲ್ಲ. ಒಳ್ಳೇ ಪರೀಕ್ಷೆ ಅಂದ್ರೆ ಹಿಂಗಿರ್ಬೇಕು, ಸಣ್ಣದು, ಎಲ್ರೂ ಮನೇಲೇ ಮಾಡಿ ನೋಡೋ ಹಾಗಿರೋದು.

ಈ ಮಾತು ಬಂದಾಗ ನಮ್ ಗೌರಿಬಿದನೂರಿನ ಹೆಚ್. ನರಸಿಂಹಯ್ಯನವರನ್ನ ಬಿಟ್ಟು ಮುಂದೆ ಹೋಗೋಕಾಗಲ್ಲ. 1920ರಲ್ಲಿ ಗೌರಿಬಿದನೂರು ತಾಲೂಕಿನ ಹೊಸೂರಲ್ಲಿ ಹುಟ್ಟಿದೋರು, ಆಗ ಅದು ಕೋಲಾರ ಜಿಲ್ಲೆ, ಅಮೆರಿಕಾದಲ್ಲಿ ನ್ಯೂಕ್ಲಿಯರ್ ಫಿಸಿಕ್ಸಲ್ಲಿ ಡಾಕ್ಟರೇಟ್ ಮಾಡ್ಕೊಂಡು ಬಂದು, ಬೆಂಗಳೂರು ನ್ಯಾಷನಲ್ ಕಾಲೇಜಲ್ಲಿ ಮೇಷ್ಟ್ರಾಗಿ, ಪ್ರಿನ್ಸಿಪಾಲ್ ಆಗಿ, ಹಾಸ್ಟೆಲ್ ರೂಮಲ್ಲೇ ಖಾದಿ ಹಾಕ್ಕೊಂಡು ಜೀವನ ಮಾಡಿದೋರು. 1972ರಿಂದ 77ರವರೆಗೆ ಬೆಂಗಳೂರು ಯೂನಿವರ್ಸಿಟಿ ವೈಸ್ ಚಾನ್ಸಲರ್ ಆಗಿದ್ರು, 1976ರಲ್ಲಿ ಪವಾಡ ಮತ್ತೆ ಮೂಢನಂಬಿಕೆಗಳನ್ನ ಪರೀಕ್ಷೆ ಮಾಡೋಕೆ ಒಂದು ಕಮಿಟಿ ಮಾಡಿದ್ರು. ಪುಟ್ಟಪರ್ತಿ ಸತ್ಯ ಸಾಯಿಬಾಬಾ ಅವ್ರಿಗೆ, ನೀವು ಮಾಡೋ ಪವಾಡನ ನಾವು ಇಡೋ ಷರತ್ತಲ್ಲಿ ಮಾಡಿ ತೋರ್ಸಿ ಅಂತ ಪತ್ರ ಬರೆದ್ರು, ಅದಕ್ಕೆ ಉತ್ರ ಬರ್ಲಿಲ್ಲ. ಕಮಿಟಿಗೆ ಬಂದ ವಿರೋಧ ಏನ್ ಕಮ್ಮಿ ಇರ್ಲಿಲ್ಲ. ನಾನಿಲ್ಲಿ ಯಾರ ಭಕ್ತಿ ಬಗ್ಗೆನೂ ಮಾತಾಡ್ತಿಲ್ಲ, ನಮ್ ಕಡೆ ಮನೆಮನೇಲಿ ಆ ಫೋಟೋ ಇದೆ, ಅವರ ಟ್ರಸ್ಟ್ ಆಸ್ಪತ್ರೇಲಿ ಜೀವ ಉಳಿಸ್ಕೊಂಡೋರಿದಾರೆ. ನೋಡ್ಬೇಕಾದ್ದು ಕ್ರಮನ. ಪತ್ರದಲ್ಲಿ ಕೇಳೋದು, ಷರತ್ತು ಬರ್ದು ಹೇಳೋದು, ಬಂದು ತೋರ್ಸೋಕೆ ಅವಕಾಶ ಕೊಡೋದು. ನರಸಿಂಹಯ್ಯನವರ ಆತ್ಮಕಥೆ ಹೆಸರೇ ಹೋರಾಟದ ಹಾದಿ, ಲೈಬ್ರರೀಲಿ ಸಿಕ್ಕಿದ್ರೆ ಓದಿ.

ಮನೇಲಿದ್ದೇ ಡೌಟ್ ಪಡೋದು

ಮೂರ್ನೇದು, ಎದ್ದು ಹೋಗದೇ ಇರೋದು. ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿಯಾಗೇ ಇದೆ, ಬೇರೆ ವಿಚಾರವಾದಿಗಳಿಗೆ ಇಷ್ಟ ಆಗ್ದೇ ಇರ್ಬೋದು. ಮನೇಲಿ ಸತ್ಯನಾರಾಯಣ ಪೂಜೆ ಇದ್ರೆ ಹೋಗಿ ಕೂತ್ಕೊಳಿ. ಪೂಜೆಗೆ ಬರಲ್ಲ ಅಂತ ರೂಮಲ್ಲಿ ಬಾಗಿಲು ಹಾಕ್ಕೊಂಡು ಆಮೇಲೆ ಸಜ್ಜಿಗೆ ಪ್ರಸಾದಕ್ಕೆ ಮಾತ್ರ ಆಚೆ ಬರೋದು ತತ್ವ ಅಲ್ಲ. ಬಾಳೆಕಂದು ಕಟ್ಟಿ, ಚಾಪೆ ಹಾಸಿ, ಬಂದೋರಿಗೆ ನೀರ್ ಕೊಡಿ, ಅದಕ್ಕೆ ನಂಬಿಕೆ ಬೇಕಾಗಿಲ್ಲ. ಪುರೋಹಿತರು ಸಂಕಲ್ಪ ಹೇಳ್ಸುವಾಗ ಬಾಯಲ್ಲಿ ಹೇಳೋಕೆ ಮನಸ್ಸು ಒಪ್ಪಲ್ಲ ಅಂದ್ರೆ, ಅಪ್ಪಂಗೆ ಹಿಂದಿನ ದಿನಾನೇ “ನಾನ್ ಪಕ್ಕದಲ್ಲಿ ಕೂತಿರ್ತೀನಿ ಅಪ್ಪ, ಸಂಕಲ್ಪ ನೀವ್ ಮಾಡ್ಕೊಳಿ” ಅಂತ ಹೇಳಿ. ಹಿಂದಿನ ದಿನ. ಜನ ಎಲ್ಲಾ ಬಂದು ಕೂತ್ಮೇಲೆ ಹೇಳಿದ್ರೆ ಅದು ಡೌಟಲ್ಲ, ಮಾನ ಕಳಿಯೋದು. ಮನೆದೇವ್ರಿಗೆ ವರ್ಷಕ್ಕೊಂದ್ಸಲ ಎಡೆಯೂರಿಗೋ ಸೀಬಿಗೋ ಕುರುಡುಮಲೆಗೋ ಹೋಗೋದಿದ್ರೆ ಗಾಡಿ ನೀವೇ ಓಡ್ಸಿ, ದಾರಿ ಉದ್ದಕ್ಕೂ ಹಳೇ ಕಥೆಗಳು ಬರ್ತವೆ, ತಾತ ಹರಕೆ ಹೊತ್ತಿದ್ದು, ಅತ್ತೆ ಹುಟ್ಟಿದ್ದು, ಅದೆಲ್ಲಾ ಬೇರೆ ಎಲ್ಲೂ ಕೇಳೋಕ್ ಸಿಗಲ್ಲ.

ಬಗ್ಗಬಾರದ ಜಾಗ ಎಲ್ಲಿ ಅಂದ್ರೆ ಜೀವ, ದುಡ್ಡು, ಇನ್ನೊಬ್ರ ಮಾನ. ಕೋಲಾರಮ್ಮನ ದೇವಸ್ಥಾನದಲ್ಲಿ ಚೇಳಮ್ಮ ಇದೆ, ಕಾಣಿಕೆ ಹಾಕಿದ್ರೆ ಚೇಳಿನ ಕಾಟ ಇರಲ್ಲ ಅಂತ ನಂಬಿಕೆ, ಹಾಕ್ಲಿ ಬಿಡಿ, ಒಳ್ಳೇ ಹಳೇ ದೇವಸ್ಥಾನ. ಆದ್ರೆ ಮಗೂಗೆ ನಿಜ್ವಾಗ್ಲೂ ಚೇಳು ಕುಟುಕಿದ್ರೆ, ಹಾವು ಕಚ್ಚಿದ್ರೆ, ಮಂತ್ರ ಹಾಕ್ಸೋಣ ಅನ್ನೋರ ಜೊತೆ ಒಂದು ನಿಮಿಷಾನೂ ವಾದ ಮಾಡ್ದೆ ಎತ್ಕೊಂಡು ಎಸ್‌ಎನ್‌ಆರ್ ಆಸ್ಪತ್ರೆಗೋ ಹತ್ರದ ಯಾವ್ದೋ ಆಸ್ಪತ್ರೆಗೋ ಓಡಿ, ಹಾವಿನ ವಿಷಕ್ಕೆ ಔಷಧಿ ಇರೋದು ಅಲ್ಲಿ. ದೋಷ ಪರಿಹಾರಕ್ಕೆ ಸಾಲ ಮಾಡಿ ಅಂದ್ರೆ ಬೇಡ ಅನ್ನಿ. ಮುಟ್ಟು, ಮಡಿ, ಜಾತಿ ಅಂತ ಒಬ್ರನ್ನ ಬಾಗಿಲಾಚೆ ನಿಲ್ಸಿದ್ರೆ ಅಲ್ಲೂ ಸುಮ್ನಿರ್ಬೇಡಿ. ಮಿಕ್ಕಿದ್ದಕ್ಕೆಲ್ಲಾ ಯುದ್ಧ ಬೇಡ.

ಯಾರಾದ್ರೂ ಗೀತೆ ತೆಗ್ದು “ಸಂಶಯಾತ್ಮಾ ವಿನಶ್ಯತಿ” ಅಂದೇ ಅಂತಾರೆ, ಬರ್ದಿಟ್ಕೊಳಿ. ಅದು ನಾಲ್ಕನೇ ಅಧ್ಯಾಯದ 40ನೇ ಶ್ಲೋಕ, ನಿಜಾನೇ. ಆದ್ರೆ ಅದೇ ಅಧ್ಯಾಯದಲ್ಲಿ ಆರು ಶ್ಲೋಕ ಹಿಂದೆ, ತಿಳಿದೋರ ಹತ್ರ ಹೋಗಿ ನಮಸ್ಕಾರ ಮಾಡಿ ಪ್ರಶ್ನೆ ಕೇಳಿ ತಿಳ್ಕೋ ಅಂತ ಕೃಷ್ಣನೇ ಹೇಳಿದಾನೆ. ಹದಿನೆಂಟನೇ ಅಧ್ಯಾಯದಲ್ಲಿ ಎಲ್ಲಾ ಹೇಳಿ ಮುಗಿಸೋ ಹೊತ್ತಲ್ಲಿ, ಇದನ್ನೆಲ್ಲಾ ಪೂರ್ತಿ ವಿಮರ್ಶೆ ಮಾಡಿ ನಿನಗೆ ಹೇಗೆ ಇಷ್ಟವೋ ಹಾಗೆ ಮಾಡು ಅಂತಾನೆ. ನಮ್ ಮುಳಬಾಗಿಲಲ್ಲಿ 1887ರಲ್ಲಿ ಹುಟ್ಟಿದ ಡಿವಿಜಿಯವರ ಕಗ್ಗ ಪೂಜೆ ಕೋಣೇಲಿಟ್ಟಿರೋ ಮನೆಗಳಿವೆ, ಅದರ ಮೊದಲ ಪದ್ಯದಲ್ಲೇ ಕಣ್ಣಿಗೆ ಕಾಣದಿದ್ರೂ ಜನ ಪ್ರೀತಿಯಿಂದ ನಂಬಿರೋ ಆ ವಿಚಿತ್ರಕ್ಕೆ ಶರಣು ಹೋಗು ಅಂತಾರೆ, ಎರಡು ಪದ್ಯ ದಾಟಿದ್ರೆ ಇದ್ಯೋ ಇಲ್ವೋ ಅಂತ ತಿಳಿಯೋಕೆ ಬಿಡದ ವಸ್ತು ಅಂತ ಅದನ್ನೇ ಕರೀತಾರೆ. ನಂಬಿಕೆ ಪಕ್ಕದಲ್ಲೇ ಡೌಟನ್ನೂ ಕೂರ್ಸಿದಾರೆ ಪುಣ್ಯಾತ್ಮ. ಇದನ್ನ ವಾದ ಗೆಲ್ಲೋಕೆ ಬಳಸ್ಬೇಡಿ, ಒಟ್ಟಿಗೆ ಕೂತು ಓದಿ.

ದುಃಖದಿಂದ ಬಂದ ಡೌಟು

ಆಗ್ಲೇ ಬಿಟ್ಟಿದ್ದೆ ಅಲ್ವಾ, ಮನೇಲಿ ಸಾವಾದಾಗ, ದೊಡ್ಡ ಕಾಯಿಲೆ ಬಂದಾಗ, ಎಷ್ಟ್ ಪೂಜೆ ಮಾಡಿದ್ರೂ ಉಳೀದೇ ಇದ್ದಾಗ ಬರೋ ಡೌಟು. ಇದನ್ನ ಬೇರೆ ಡೌಟ್ ಜೊತೆ ಸೇರಿಸ್ಲೇಬೇಡಿ.

ತೋಮನ ಬಗ್ಗೆ ಅದೇ ಸುವಾರ್ತೇಲಿ ಇನ್ನೊಂದು ಜಾಗ ಇದೆ, 11ನೇ ಅಧ್ಯಾಯ. ಯೇಸು ಅಪಾಯ ಇರೋ ಊರಿಗೆ ವಾಪಸ್ ಹೋಗ್ತೀನಿ ಅಂದಾಗ ಶಿಷ್ಯರು ಬೇಡ ಕಲ್ಲು ಹೊಡೀತಾರೆ ಅಂತಾರೆ. ಆಗ ತೋಮ ಒಬ್ನೇ, ನಡೀರಿ ನಾವೂ ಹೋಗಿ ಅವರ ಜೊತೆ ಸಾಯೋಣ ಅಂತಾನೆ. ಹಾಗಂದೋನು, ಗುರು ಸತ್ತ ಕೆಲವೇ ದಿನಕ್ಕೆ ನೋಡ್ದೆ ನಂಬಲ್ಲ ಅಂತಾನೆ ಅಂದ್ರೆ, ಅದು ತರ್ಕದ ಮಾತು ಅಂತ ನಂಗನ್ಸಲ್ಲ. ನೋವಲ್ಲಿರೋನು ಇನ್ನೊಂದ್ಸಲ ಆಸೆ ಇಟ್ಕೊಂಡು ಮೋಸ ಹೋಗೋಕೆ ತಯಾರಿಲ್ಲ. ಗಾಯ ಮುಟ್ಟಬೇಕು ಅಂತಾನೆ ನೋಡಿ, ಮುಖ ನೋಡ್ಬೇಕು ಅನ್ನಲ್ಲ. ಅವನ ತಲೇಲಿ ಓಡ್ತಿದ್ದಿದ್ದೇ ಆ ಗಾಯ.

ಹಾಗಾಗಿ ನಿಮ್ಗೆ ಇಂಥ ಡೌಟ್ ಬಂದಿದ್ರೆ ಈಗ್ಲೇ ಯಾವ ತೀರ್ಮಾನಕ್ಕೂ ಬರ್ಬೇಡಿ, ಪುಸ್ತಕ ಹುಡುಕ್ಬೇಡಿ, ಯೂಟ್ಯೂಬಲ್ಲಿ ಡಿಬೇಟ್ ನೋಡ್ಬೇಡಿ. ಹನ್ನೊಂದನೇ ದಿನ, ಹದಿಮೂರನೇ ದಿನ ಅಂತ ಕಾರ್ಯಗಳು ಇರ್ತವಲ್ಲ, ಅದ್ರಲ್ಲಿ ಸತ್ತೋರಿಗೆ ಏನ್ ಮುಟ್ಟುತ್ತೆ ಅನ್ನೋದು ಪಕ್ಕಕ್ಕಿಡಿ, ಜನ ಬರ್ತಾರೆ, ಅಡುಗೆ ಆಗುತ್ತೆ, ಬಲವಂತವಾಗಿ ಒಂದ್ ತುತ್ತು ತಿನ್ಸ್ತಾರೆ, ಇರೋರಿಗೆ ಅದು ಬೇಕು. ಬೈಬೇಕು ಅನ್ಸಿದ್ರೆ ದೇವ್ರಿಗೆ ಬೈರಿ, ನಮ್ ಹಳ್ಳಿ ಹೆಂಗಸ್ರು ದೇವಸ್ಥಾನದ ಮುಂದೆನೇ ನಿಂತು “ಕಣ್ಣಿಲ್ವೇನೋ ನಿಂಗೆ” ಅಂತ ಬೈತಾರೆ, ಪೂಜಾರಿ ಕೂಡ ತಡಿಯಲ್ಲ. ನಿದ್ದೆ ಊಟ ಎಲ್ಲಾ ಬಿಟ್ಟು ವಾರಗಟ್ಲೆ ಹಂಗೇ ಇದ್ರೆ ಅದು ದೇವರ ಪ್ರಶ್ನೆ ಅಲ್ಲ, ಡಾಕ್ಟರ್ ಹತ್ರ ಹೋಗಿ, ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗ ಇದೆ, ಟೆಲಿಮಾನಸ್ ಅಂತ ಸರ್ಕಾರದ ಉಚಿತ ನಂಬರ್ 14416 ಇದೆ, ಕನ್ನಡದಲ್ಲೇ ಮಾತಾಡ್ಬೋದು. ನಿಮ್ ಎದ್ರಿಗೆ ಬೇರೆ ಯಾರೋ ಹಿಂಗೆ ಡೌಟ್ ಪಡ್ತಿದ್ರೆ ಕರ್ಮ ಅಂತಾನೋ ದೇವರ ಇಚ್ಛೆ ಅಂತಾನೋ ಹೇಳ್ಬೇಡಿ. ದೇವ್ರಿಲ್ಲ ಅಂತ ನಾನ್ ಹೇಳ್ಲಿಲ್ವಾ ಅಂತ ಅಂತೂ ಖಂಡಿತ ಹೇಳ್ಬೇಡಿ, ಅಂಥೋರನ್ನೂ ನೋಡಿದೀನಿ.

ವಾಟ್ಸಾಪ್, ಕಾನೂನು ಇತ್ಯಾದಿ

ಇದು ಬೇಗ ಹೇಳಿ ಮುಗಿಸ್ತೀನಿ. ಸಂವಿಧಾನದ 25ನೇ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯ ಕೊಟ್ಟಿದೆ, ನಂಬದೇ ಇರೋದೂ ಅದ್ರೊಳಗೇ ಬರುತ್ತೆ. 51ಎ ವಿಧೀಲಿ ವೈಜ್ಞಾನಿಕ ಮನೋಭಾವ ಬೆಳೆಸ್ಕೊಳ್ಳೋದು ನಾಗರಿಕರ ಕರ್ತವ್ಯ ಅಂತಾನೇ ಇದೆ. ಆದ್ರೆ ಬೇಕುಬೇಕಂತ ದುರುದ್ದೇಶದಿಂದ ಒಂದು ಧರ್ಮದೋರ ಭಾವನೆ ಕೆರಳ್ಸೋಕೆ ಅವಮಾನ ಮಾಡಿದ್ರೆ ಭಾರತೀಯ ನ್ಯಾಯ ಸಂಹಿತೆ 299ರಲ್ಲಿ ಮೂರು ವರ್ಷದವರೆಗೂ ಜೈಲಿದೆ, ಹಿಂದೆ ಐಪಿಸಿ 295ಎ ಅಂತಿದ್ದಿದ್ದು ಅದೇ. ದೇವರ ಫೋಟೋ ಎಡಿಟ್ ಮಾಡಿ ಊರ ಗ್ರೂಪಿಗೆ ಹಾಕೋದು ಡೌಟ್ ಅಲ್ಲ, ಕಿತಾಪತಿ. ಇನ್ನೊಂದು, ಪಕ್ಕದ ಧರ್ಮದ ಬಗ್ಗೆ ಮಾತ್ರ ಬರೋ ಡೌಟನ್ನ ಡೌಟ್ ಅಂತ ಕರೀಬೇಡಿ. ಕೆಜಿಎಫ್ ಚರ್ಚಲ್ಲಿ ನಡಿಯೋ ಪವಾಡ ಸುಳ್ಳು, ನಮ್ಮೂರ ದೇವ್ರದ್ದು ಮಾತ್ರ ಸೈನ್ಸು ಅನ್ನೋನಿಗೆ ತೋಮನ ಹೆಸ್ರಿಡೋಕೆ ನಾನಂತೂ ಒಪ್ಪಲ್ಲ.

ಉತ್ರ ಸಿಕ್ಕಿದ್ರೆ

ನಾಲ್ಕನೇದು ಇದು, ಒಪ್ಕೊಳ್ಳೋದು. ನಾವ್ ಡೌಟ್ ಪಡೋರು ಇಲ್ಲಿ ಬಹಳ ಜಿಪುಣರು. ಅಜ್ಜಿ ಹೇಳಿದ ಯಾವ್ದೋ ಪಥ್ಯ ನಿಜ್ವಾಗ್ಲೂ ಹೊಟ್ಟೆಗೆ ಒಳ್ಳೇದು ಅಂತ ಡಾಕ್ಟ್ರೇ ಹೇಳಿದ್ರೂ, ಹೋಗಿ ಅಜ್ಜಿ ಹತ್ರ “ನೀನ್ ಹೇಳಿದ್ದೇ ಸರಿ ಅಜ್ಜಿ” ಅನ್ನಲ್ಲ. ಅನ್ನಿ. ಉಪವಾಸ ಮಾಡಿದಾಗ ಮನಸ್ಸು ಹಗುರ ಆಯ್ತಾ, ಆಯ್ತು ಅನ್ನಿ, ಯಾಕಾಯ್ತು ಅನ್ನೋ ಚರ್ಚೆ ಇನ್ನೊಂದಿನ ಇಟ್ಕೊಳಿ. ತೋಮ ಎದುರಿಗೆ ಬಂದು ನಿಂತ್ಮೇಲೆ ಇನ್ನೊಂದು ಕಂಡೀಷನ್ ಹಾಕ್ಲಿಲ್ಲ.

ಇನ್ನು ಇದನ್ನ ಓದ್ತಿರೋರು ಅಪ್ಪ ಅಮ್ಮ ಆಗಿದ್ರೆ, ನಿಮ್ ಪಾಲಿನ ಕೆಲ್ಸ ಆ ಎಂಟು ದಿನದ್ದು. ಮಗ ದೇವಸ್ಥಾನಕ್ಕೆ ಬರಲ್ಲ ಅಂದ ತಕ್ಷಣ ಯಾರ ಸಹವಾಸ ಮಾಡಿದಾನೆ ಅಂತ ಫೋನ್ ಚೆಕ್ ಮಾಡೋದು, ಮಾವನ್ನ ಕರ್ಸಿ ಬುದ್ಧಿ ಹೇಳ್ಸೋದು, ಯಾವ್ದೋ ಮಠಕ್ಕೆ ಕರ್ಕೊಂಡ್ ಹೋಗಿ ತಾಯತ ಕಟ್ಸೋದು, ಇದ್ಯಾವ್ದೂ ಬೇಡ. ಅವನ ತಟ್ಟೆಗೆ ಮುದ್ದೆ ಹಾಕಿ, ಏನ್ ಡೌಟು ಅಂತ ಕೇಳಿ, ಗೊತ್ತಿಲ್ದೇ ಇದ್ರೆ ಗೊತ್ತಿಲ್ಲ ಕಣೋ ಅನ್ನಿ. ಯಮನೇ ನಚಿಕೇತಂಗೆ ಮೊದ್ಲು ಆನೆ ಕುದುರೆ ಚಿನ್ನ ಎಲ್ಲಾ ಆಸೆ ತೋರ್ಸಿ ಪ್ರಶ್ನೆ ಬಿಡ್ಸೋಕೆ ನೋಡ್ದ, ಆ ಹುಡುಗ ಬಿಡ್ಲಿಲ್ಲ, ಕೊನೆಗೆ ಕೂರ್ಸ್ಕೊಂಡು ಪಾಠ ಹೇಳ್ಬೇಕಾಯ್ತು. ನಿಮ್ಮ ಮಗ ಬೈಕ್ ಕೊಡಿಸ್ತೀನಿ ಅಂದ್ರೆ ಪ್ರಶ್ನೆ ಬಿಡ್ಬೋದು, ಅದು ಬೇರೆ ವಿಷ್ಯ.